ಟೆನ್ಷನ್ ತಗೋಬೇಡಿ

ಚಳ್ಳಕೆರೆಯ ಡಾಕ್ಟರುಗಳೆಲ್ಲ ತಪ್ಪದೆ ಕೊಡುವ ಒಂದು ಔಷಧವಿದೆ. ಅದನ್ನು ಚೀಟಿಯಲ್ಲಿ ಮಾತ್ರ ಬರೆಯುವುದಿಲ್ಲ. ಮಾತ್ರೆ ಬರೆದು, ಸಿರಪ್ಪು ಬರೆದು, ಊಟಕ್ಕೆ ಮುಂಚೆ ಯಾವುದು, ಆದ ಮೇಲೆ ಯಾವುದು ಎಂದು ಗುರುತು ಹಾಕಿ, ಇನ್ನೇನು ಮುಂದಿನವರನ್ನು ಕರೆಯಬೇಕು ಅನ್ನುವಾಗ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳುತ್ತಾರೆ: ‘ಟೆನ್ಷನ್ ತಗೋಬೇಡಿ.’ ಬಸ್‌ಸ್ಟ್ಯಾಂಡಿನಿಂದ ಪಾವಗಡ ರಸ್ತೆಯವರೆಗೆ ಎಷ್ಟು ಮೆಡಿಕಲ್ ಸ್ಟೋರು ಹುಡುಕಿದರೂ ಈ ಔಷಧ ಸಿಗುವುದಿಲ್ಲ. ಬೇರೆ ಕಂಪನಿಯದ್ದಾದರೂ ಕೊಡಿ ಅಂದರೆ ಅದೂ ಇಲ್ಲ.

ನಮ್ಮ ಬೀದಿಯ ಯಜಮಾನರೊಬ್ಬರು ಒಮ್ಮೆ ಡಾಕ್ಟರಿಗೆ ತಿರುಗಿ ಹೇಳಿಯೇಬಿಟ್ಟರು: ‘ನಾನೆಲ್ಲಿ ತಗಂತೀನಿ ಸಾ? ಅದೇ ಬಂದು ಕುಂತೈತೆ. ತಗೀರಿ ಅಂತ ನಿಮ್ಮತ್ರ ಬಂದ್ರೆ ನನಗೇ ಹೇಳ್ತೀರಲ್ಲ!’ ಡಾಕ್ಟರು ನಕ್ಕು ಇನ್ನೊಂದು ಸಲ ಬಿ.ಪಿ. ನೋಡಿದರು. ಮೊದಲಿಗಿಂತ ಜಾಸ್ತಿ ಇತ್ತು. ಅದೇ ಯಜಮಾನರ ಬಿ.ಪಿ.ಯನ್ನು ಮನೆಯ ಜಗಲಿಯಲ್ಲಿ ಕೂರಿಸಿ ಸೊಸೆ ನೋಡಿದರೆ ಏನೂ ತಕರಾರಿಲ್ಲ. ಬಿಳಿ ಕೋಟು ಕಂಡರೆ ಏರುವ ಬಿ.ಪಿ. ಅಂತಲೇ ಒಂದಿದೆ, ವೈದ್ಯರ ಪುಸ್ತಕಗಳಲ್ಲಿ ಅದಕ್ಕೆ ಜಾಗವೂ ಸಿಕ್ಕಿದೆ. ರೋಗ ಪತ್ತೆ ಮಾಡುವವರನ್ನು ನೋಡಿಯೇ ರೋಗ ಬರುವುದೆಂದರೆ ಈ ದೇಹದ ತಮಾಷೆ ಸಣ್ಣದಲ್ಲ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ಪ್ರಕಾರ ಟೆನ್ಷನ್ ಅನ್ನುವುದು ಸಿಲ್ಕ್ ಬೋರ್ಡ್ ಸಿಗ್ನಲ್‌ನಿಂದ ಆಚೆಗೆ ಇಲ್ಲ. ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕಾಲು ಚಾಚಿ, ‘ನಿಮಗೇನು ಮಾವ, ಆರಾಮು. ಟ್ರಾಫಿಕ್ ಇಲ್ಲ, ಟಾರ್ಗೆಟ್ ಇಲ್ಲ’ ಎನ್ನುತ್ತಾನೆ. ಹೋದ ಸಲ ಅವನು ಹಾಗೆ ಅಂದದ್ದು ಶೇಂಗಾ ಹೂ ಬಿಟ್ಟಿದ್ದ ಕಾಲದಲ್ಲಿ. ಶೇಂಗಾದ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ಹೂ ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂವಿನ ಬುಡದಿಂದ ಒಂದು ಎಳೆ ಇಳಿದು ಮಣ್ಣಿಗೆ ಹೊಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಗಬೇಕಾದರೆ ಮಣ್ಣು ಮೆತ್ತಗಿರಬೇಕು, ಮೆತ್ತಗಿರಬೇಕಾದರೆ ಆ ಕೆಲವು ವಾರಗಳಲ್ಲಿ ಮಳೆ ಬರಬೇಕು. ನಮಗೋ ವರ್ಷಕ್ಕೆ ಬೀಳುವುದೇ 500 ಮಿಲಿಮೀಟರಿನ ಆಸುಪಾಸು. ಆಗುಂಬೆಗೆ ಬೀಳುವ 7,000 ಮಿಲಿಮೀಟರಿನ ಲೆಕ್ಕದಲ್ಲಿ ಇದು ಅವರ ಸೂರಿನಿಂದ ತೊಟ್ಟಿಕ್ಕುವ ನೀರು. ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ, ಹೂ ಬಿಟ್ಟ ಮೇಲೆ ಆಕಾಶದ ಕಡೆ ಮುಖ. ಮೋಡ ಪಡುವಣದಿಂದ ಬಂದು, ಊರ ಮೇಲೆ ಒಂದು ಸುತ್ತು ಹಾಕಿ, ಮದುವೆಮನೆಗೆ ಬಂದು ಊಟ ಮಾಡದೆ ಹೋಗುವ ಬೀಗರ ಹಾಗೆ ಆಂಧ್ರದ ಕಡೆಗೆ ನಡೆದುಬಿಡುತ್ತದೆ. ಟಾರ್ಗೆಟ್ ಇಲ್ಲವಂತೆ!

ಈ ಊರಿಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಇದೇ ಶೇಂಗಾದಿಂದ. ಗಾಣದ ಮಿಲ್ಲುಗಳ ಸದ್ದಿನಲ್ಲೇ ಬೆಳಗಾಗುತ್ತಿದ್ದ ಕಾಲವೊಂದಿತ್ತು. ಆಮೇಲೆ ಹಡಗಿನಲ್ಲಿ ತಾಳೆ ಎಣ್ಣೆ ಬಂತು, ಮಿಲ್ಲುಗಳು ಒಂದೊಂದಾಗಿ ಬಾಗಿಲೆಳೆದವು. ಮಲೇಷ್ಯಾದಲ್ಲಿ ತಾಳೆಕಾಯಿ ಅಗ್ಗವಾದರೆ ಚಳ್ಳಕೆರೆಯ ದಲ್ಲಾಳಿಗೆ ಹೊಟ್ಟೆ ಉರಿ ಬರುತ್ತದೆ, ಬರೀ ಮಾತಿನ ಹೊಟ್ಟೆಯುರಿಯಲ್ಲ, ಆ್ಯಂಟಾಸಿಡ್ ಕುಡಿಯುವ ಹೊಟ್ಟೆಯುರಿ.

ದೇಹ ಯಾಕೆ ಹೀಗೆ ಮಾಡುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಕಾವಲುಗಳಿಗೆ ಹೋಗಬೇಕು. ಅಮೃತಮಹಲ್ ದನಗಳಿಗೆಂದು ಮೈಸೂರಿನ ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲುಗಳು ಇವು. ಅಲ್ಲಿ ಕೃಷ್ಣಮೃಗ ಉಂಟು, ತೋಳ ಉಂಟು, ತೋಳದ ಮೇಲೆ ಕಣ್ಣಿಟ್ಟು ಕುರಿ ಕಾಯುವವರೂ ಉಂಟು. ಕುರಿ ಮೇಯಿಸುವ ಅಣ್ಣನೊಬ್ಬ ವರ್ಣಿಸಿದ್ದನ್ನು ಯಾವ ಪ್ರೊಫೆಸರೂ ಅಷ್ಟು ಚೊಕ್ಕವಾಗಿ ಹೇಳಲಾರರು: ‘ಮೊದ್ಲು ಕುರಿ ಸುಮ್ಕಾಗ್ತವೆ ಮೇಷ್ಟ್ರೆ. ಆಮೇಲೆ ನಾಯಿ ಕಿವಿ ಎತ್ತುತೈತೆ. ಆಮೇಲೆ ನನ್ನೆದೆ ದಬದಬ ಅಂತೈತೆ, ಬಾಯಿ ಒಣಗ್ತೈತೆ. ತೋಳ ಕಾಣೋದು ಎಲ್ಲಾದಕ್ಕಿಂತ ಕಡೇಗೆ.’

ಆ ದಬದಬಕ್ಕೆ ಕಾರಣ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳು. ಮಿದುಳಿನಿಂದ ‘ತೋಳ’ ಎಂಬ ಸುದ್ದಿ ಮುಟ್ಟಿದ ಕ್ಷಣವೇ ಅವು ಅಡ್ರಿನಲಿನ್ ಸುರಿಯುತ್ತವೆ. ಎದೆ ಬಡಿತ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಜೀವ ಉಳಿದರೆ ತಾನೇ ಮುದ್ದೆ ಅರಗಿಸುವ ಮಾತು? ಅದಕ್ಕೇ ಜಠರದ ಕೆಲಸ ನಿಧಾನವಾಗುತ್ತದೆ, ಬಾಯಲ್ಲಿ ಜೊಲ್ಲು ಆರುತ್ತದೆ. ಗಾಯವಾದರೆ ಬೇಗ ಹೆಪ್ಪುಗಟ್ಟಲೆಂದು ರಕ್ತವೂ ತಯಾರಾಗುತ್ತದೆ. ಹಿಂದೆಯೇ ಕಾರ್ಟಿಸಾಲ್ ಬಂದು ಈ ಏರ್ಪಾಟನ್ನು ಇನ್ನಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ. ಅಣ್ಣ ಕೂಗು ಹಾಕುತ್ತಾನೆ, ಕೋಲು ಬೀಸುತ್ತಾನೆ, ಓಡುತ್ತಾನೆ. ಏರಿದ ಸಕ್ಕರೆ ಖರ್ಚಾಗುತ್ತದೆ. ತೋಳ ಹೋದ ಮೇಲೆ ಕಂಬಳಿ ಹಾಸಿ ಕೂತು ಒಂದು ಬೀಡಿ ಹಚ್ಚುವ ಹೊತ್ತಿಗೆ ಎದೆ ತನ್ನ ಲಯಕ್ಕೆ ಮರಳಿರುತ್ತದೆ. (ಬೀಡಿಯ ಬಗ್ಗೆ ಡಾಕ್ಟರು ಬೇರೆ ಹೇಳುತ್ತಾರೆ.)

ತೊಂದರೆ ಏನೆಂದರೆ ದೇಹಕ್ಕೆ ಗೊತ್ತಿರುವುದು ಇದೊಂದೇ ಪಾಠ. ಬ್ಯಾಂಕಿನ ನೋಟಿಸು ಬಂದರೂ ತೋಳವೇ. ಮಗಳ ಪಿ.ಯು.ಸಿ. ರಿಸಲ್ಟಿನ ಹಿಂದಿನ ರಾತ್ರಿಯೂ ತೋಳವೇ. ತೋಳವಾದರೆ ಒಂದು ಮರಿ ಹೊತ್ತುಕೊಂಡು ಹೋಗುತ್ತದೆ, ಅಲ್ಲಿಗೆ ಮುಗಿಯಿತು. ನೋಟಿಸಿಗೆ ಕೋಲು ಬೀಸುವಂತಿಲ್ಲ, ಅದರಿಂದ ಓಡಿ ಹೋಗುವಂತಿಲ್ಲ, ಅದು ಗೂಡಿನಲ್ಲಿಟ್ಟ ಕಡೆಯೇ ಮಲಗಿರುತ್ತದೆ. ಏರಿದ ಬಿ.ಪಿ. ಇಳಿಯುವುದಿಲ್ಲ, ಬಿಟ್ಟ ಸಕ್ಕರೆ ಖರ್ಚಾಗುವುದಿಲ್ಲ, ಬಿಗಿದ ಕತ್ತು ಸಡಿಲಾಗುವುದಿಲ್ಲ. ತಿಂಗಳುಗಟ್ಟಲೆ ಹೀಗೇ ಆದರೆ ನಿದ್ದೆ ಕೆಡುತ್ತದೆ, ಸಣ್ಣಪುಟ್ಟ ನೆಗಡಿಗೂ ಮೈ ಸೋಲುತ್ತದೆ, ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗುತ್ತದೆ, ಇದ್ದ ಸಕ್ಕರೆ ಕಾಯಿಲೆ ಹಟಕ್ಕೆ ಬೀಳುತ್ತದೆ.

ಕುರಿಗಾಹಿಗೂ ಈಗ ತೋಳಕ್ಕಿಂತ ಗೋಡೆಯ ಚಿಂತೆ. ಕಾವಲಿನ ಸುಮಾರು 10,000 ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ಗೋಡೆ ಎದ್ದಿತು. ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸು, ಇತ್ತ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷೆಯ ರನ್‌ವೇ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋದವರು ತಮ್ಮ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟರು. ಒಳಗೆ ಪೈಲಟ್ ಇಲ್ಲ. ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ಟೆನ್ಷನ್ ತೆಗೆದುಕೊಳ್ಳದೆ ಕೆಲಸ ಮುಗಿಸಿದವರು ನಮ್ಮ ತಾಲ್ಲೂಕಿನಲ್ಲಿ ಬಹುಶಃ ಅದೊಂದೇ. ಕೆಳಗೆ ಕಂಪ್ಯೂಟರ್ ಮುಂದೆ ಕೂತಿದ್ದವರ ಬಿ.ಪಿ. ಆಗ ಎಷ್ಟಿತ್ತೋ, ಯಾರಾದರೂ ಬರೆದಿಟ್ಟಿದ್ದರೆ ಚೆನ್ನಾಗಿತ್ತು.

ಟೆನ್ಷನ್ ಎಂಬ ಈ ವಿಷಯಕ್ಕೆ ಶಾಸ್ತ್ರದ ಮರ್ಯಾದೆ ತಂದವನು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳಿಗೆ ಒಂದು ಹಾರ್ಮೋನಿನ ಸಾರ ಚುಚ್ಚುತ್ತಿದ್ದ. ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಜಠರದಲ್ಲಿ ಹುಣ್ಣಾಯಿತು. ಹೊಸ ಹಾರ್ಮೋನು ಸಿಕ್ಕಿತೆಂದು ಹಿಗ್ಗಿದವನು ಬೇರೆ ಏನನ್ನು ಚುಚ್ಚಿ ನೋಡಿದರೂ ಅದೇ ಫಲ. ಚಳಿಗೆ ಇಟ್ಟರೂ, ಓಡಿಸಿ ಸುಸ್ತು ಮಾಡಿದರೂ ಅದೇ. 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ: ಕಷ್ಟ ಯಾವುದೇ ಇರಲಿ, ದೇಹ ಒದ್ದಾಡುವ ರೀತಿ ಒಂದೇ. ಇಲಿಗಳಿಗೆ ಮೊದಲೇ ಗೊತ್ತಿದ್ದ ಸಂಗತಿ ಮನುಷ್ಯರಿಗೆ ಗೊತ್ತಾದದ್ದು ಹಾಗೆ.

ಆದರೆ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಕಾರಣ ಎಂದು ಲೋಕವೆಲ್ಲ ನಂಬಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬಿಬ್ಬರು, ಹೆಚ್ಚಿನ ಹುಣ್ಣಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿ ಅಂದರು. ಯಾರೂ ಕಿವಿಗೊಡಲಿಲ್ಲ. ಮಾರ್ಷಲ್ ಆ ಕ್ರಿಮಿಯನ್ನು ಬೆಳೆಸಿದ ಸಾರನ್ನು ತಾನೇ ಕುಡಿದು, ಜಠರ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನೊಬೆಲ್‌ಗಾಗಿ ಏನನ್ನು ಬೇಕಾದರೂ ಕುಡಿಯುವವರಿದ್ದಾರೆ, ನಮ್ಮಲ್ಲಿ ಡಾಕ್ಟರು ಕೊಟ್ಟ ಸಿರಪ್ಪನ್ನೇ ಪೂರ್ತಿ ಕುಡಿಯುವವರಿಲ್ಲ. ಆದ್ದರಿಂದ ಎದೆ ನೋವು, ಹೊಟ್ಟೆ ನೋವು ಬಂದಾಗ ‘ಟೆನ್ಷನ್ ಇರಬೇಕು ಬಿಡು’ ಎಂದು ಮಜ್ಜಿಗೆ ಕುಡಿದು ಮಲಗುವ ನಮ್ಮೂರಿನ ಪಂಡಿತರನ್ನು ಕಂಡರೆ ನನಗೆ ಭಯ.

ಮೊಳಕಾಲ್ಮುರಿನಲ್ಲಿ ನನಗೊಬ್ಬರು ನೇಕಾರ ಸ್ನೇಹಿತರಿದ್ದಾರೆ. ಅವರ ಮನೆಯ ಕುಣಿ ಮಗ್ಗದ ಪಕ್ಕ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಕಾಲು ಕುಣಿಯೊಳಗೆ, ಕಣ್ಣು ಹಾಸಿನ ಮೇಲೆ, ಕೈ ಲಾಳಿಯಲ್ಲಿ. ಮೊಳಕಾಲ್ಮುರು ಸೀರೆಯ ಹೆಮ್ಮೆ ಇರುವುದು ಒಡಲಿಗೊಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬಿಡಿಸುವುದರಲ್ಲಿ. ಅದಕ್ಕೆ ಮೂರು ಲಾಳಿ ಬೇಕು, ಆಚೆ ಅಂಚಿನ ಲಾಳಿ ಕೊಡಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಅದು ಸಾಮಾನ್ಯವಾಗಿ ಹೆಂಡತಿ. ‘ನಮ್ಮಲ್ಲಿ ಗಂಡ ಹೆಂಡ್ತಿ ಜಗಳ ಆಡಿದ್ರೆ ಸೀರೇಲಿ ಕಾಣ್ಸುತ್ತೆ’ ಎಂದು ಅವರು ನಗುತ್ತಾರೆ. ಒಬ್ಬರ ಕೈ ಬಿಗಿಯಾಗಿ, ಇನ್ನೊಬ್ಬರದು ಸಡಿಲಾಗಿ ಅಂಚು ಸೊಟ್ಟಗಾಗುತ್ತದಂತೆ. ಮದುವೆಯ ಸಮಾಲೋಚಕರು ಸೀರೆಯ ಅಂಚು ನೋಡಿಯೇ ಸಲಹೆ ಕೊಡಬಹುದು.

ಮಗ್ಗದ ಸದ್ದು ಒಂದು ಹದಕ್ಕೆ ಬಂದಾಗ ಅವರ ಮುಖ ನೋಡಬೇಕು. ಹಣೆಯಲ್ಲಿ ಒಂದು ಗೆರೆ ಇರುವುದಿಲ್ಲ. ಪಟ್ಟಣದಲ್ಲಿ ದುಡ್ಡು ಕೊಟ್ಟು ಕಣ್ಣುಮುಚ್ಚಿ ಕೂತು ಕಲಿಯುವುದು ಇದನ್ನೇ ಅಲ್ಲವೇ ಎಂದು ನಾನು ಒಮ್ಮೆ ಕೇಳಿದೆ. ಅವರು ಲಾಳಿ ನಿಲ್ಲಿಸಲಿಲ್ಲ. ‘ನೇಯುವಾಗ ಏನೂ ಇಲ್ಲ ಮೇಷ್ಟ್ರೆ. ನೇಯೋದು ನಿಂತಾಗ ಶುರು’ ಅಂದರು. ರೇಷ್ಮೆ ನೂಲಿನ ಬೆಲೆ, ಸಾಹುಕಾರರ ಮುಂಗಡ, ಪವರ್‌ಲೂಮಿನ ಸೀರೆಗೆ ಮೊಳಕಾಲ್ಮುರಿನ ಹೆಸರು ಹಚ್ಚಿ ಮಾರುವವರು. ಜಿ.ಐ. ಮಾನ್ಯತೆ ಸೀರೆಗೆ ಬಂತು, ಕತ್ತು ನೋವಿಗೆ ಬರಲಿಲ್ಲ. ಕುಣಿಯಲ್ಲಿ ಬಗ್ಗಿ ಬಗ್ಗಿ ಬಂದ ನೋವು ಎಷ್ಟು, ಬಾಕಿಯ ಲೆಕ್ಕದಿಂದ ಬಂದ ಬಿಗಿತ ಎಷ್ಟು ಎಂದು ಅವರ ಡಾಕ್ಟರೂ ಬಿಡಿಸಲಾರರು. ಕೊಟ್ಟ ಸಲಹೆ ಮಾತ್ರ ಅದೇ, ಪೆನ್ನಿನ ಮುಚ್ಚಳ ಹಾಕುತ್ತಾ ಹೇಳುವುದು.

ಮೊಳಕಾಲ್ಮುರಿಗೆ ಹೋದವರು ಬ್ರಹ್ಮಗಿರಿಗೆ ಹೋಗದೆ ಬರುವುದುಂಟೇ? ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಧರ್ಮದ ಬೋಧನೆಗೆ ಮುಂಚೆ ಅದರಲ್ಲಿ ಏನಿದೆ ಗೊತ್ತೇ? ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಲ್ಲಿನ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರಿದ್ದಾರೆ. ಅಂದರೆ ನಮ್ಮ ಸೀಮೆಯಲ್ಲಿ ಬರೆದಿಟ್ಟ ಅತಿ ಹಳೆಯ ಸರ್ಕಾರಿ ಕಾಗದ ‘ಆರೋಗ್ಯವಾಗಿದ್ದೀರಾ’ ಎಂದು ಶುರುವಾಗುತ್ತದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಈಚೆಗೆ ಸರ್ಕಾರಿ ಕಾಗದಗಳು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುತ್ತವೆ. ಓದಿದವರ ಬಿ.ಪಿ. ಏರದೆ ಇನ್ನೇನು?

ಕೋರಿದವರಿಗೆ ಆರೋಗ್ಯ ಇತ್ತೋ ಇಲ್ಲವೋ, ಅವರ ದೊರೆಗಂತೂ ವಿರಾಮ ಇರಲಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಅಂಕಿಯಿದೆ. ಅದು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ವಿದ್ವಾಂಸರು ಅನೇಕರು ಓದುತ್ತಾರೆ. ಗಿರ್ನಾರ್ ಮೊದಲಾದ ಕಡೆ ಇರುವ ಅವನ ಆರನೆಯ ಬಂಡೆ ಶಾಸನ ಇನ್ನೂ ಸ್ವಾರಸ್ಯ. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಮಲಗುವ ಮನೆಯಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಸುದ್ದಿಯನ್ನು ಎಲ್ಲಿದ್ದರೂ ತನಗೆ ಮುಟ್ಟಿಸಬೇಕೆಂದು ಅಪ್ಪಣೆ ಮಾಡಿದ್ದಾನೆ. ಎಷ್ಟು ದುಡಿದರೂ ತೃಪ್ತಿಯಿಲ್ಲ ಎಂದೂ ಹೇಳಿಕೊಂಡಿದ್ದಾನೆ. ಮೊಬೈಲು ಇಲ್ಲದ ಕಾಲದಲ್ಲಿ ಮೊಬೈಲಿನ ಕಾಟವನ್ನು ಕೇಳಿ ಪಡೆದ ಮನುಷ್ಯ! ನನ್ನ ಅಕ್ಕನ ಮಗ ತಲೆದಿಂಬಿನ ಕೆಳಗೆ ಫೋನಿಟ್ಟು ಮಲಗುವಾಗ ಚಕ್ರವರ್ತಿಯೊಬ್ಬನ ಸಾಲಿನಲ್ಲಿ ಮಲಗಿದ್ದಾನೆ ಎಂದು ನನಗೆ ಅವನ ಮೇಲೆ ಸ್ವಲ್ಪ ಗೌರವ ಬಂದಿದೆ.

ಇಷ್ಟೆಲ್ಲದರಲ್ಲಿ ಲೆಕ್ಕಕ್ಕೆ ಸಿಗದವರು ಮನೆಯ ಹೆಂಗಸರು. ಹಾಸಿಗೆ ಹಿಡಿದ ಅತ್ತೆ, ಕುಡಿದು ಬರುವ ಗಂಡ, ಶೇಂಗಾ ಬಿಡಿಸುವ ಕೂಲಿ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಇವೆಲ್ಲ ಒಂದೇ ತಲೆಯಲ್ಲಿ. ಅಮೆರಿಕದ ಒಹಾಯೊದಲ್ಲಿ 1995ರಲ್ಲಿ ಒಂದು ಪರೀಕ್ಷೆ ಮಾಡಿದರು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರಿಗೂ ಅದೇ ವಯಸ್ಸಿನ ಬೇರೆ ಹೆಂಗಸರಿಗೂ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಎಂದು ಮಾಯುತ್ತದೆ ಎಂದು ಕಾದರು. ಸೇವೆ ಮಾಡುವವರ ಗಾಯ ಒಂಬತ್ತು ದಿನ ತಡವಾಗಿ ಮಾಯಿತು. ‘ಅವಳಿಗೇನು, ಮನೇಲೇ ಇರ್ತಾಳೆ’ ಎನ್ನುವ ಮಾತನ್ನು ಈ ಒಂಬತ್ತು ದಿನದ ಲೆಕ್ಕ ಗೊತ್ತಾದ ಮೇಲೆ ನಾನು ಯಾರ ಬಾಯಲ್ಲೂ ಸಹಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದರೆ, ದೇಹಕ್ಕೆ ತೋಳ ಹೋಯಿತೆಂದು ನಂಬಿಸುವ ಕೆಲವು ಉಪಾಯಗಳು ನಿಜವಾಗಿಯೂ ಇವೆ. ನಡೆಯುವುದು ಮೊದಲನೆಯದು. ಬಿಟ್ಟ ಸಕ್ಕರೆ ಖರ್ಚಾಗಲಿಕ್ಕೇ ಅಲ್ಲವೇ ದೇಹ ಅದನ್ನು ಬಿಟ್ಟದ್ದು? ಉಸಿರನ್ನು ನಿಧಾನ ಮಾಡುವುದು ಇನ್ನೊಂದು. ಎಳೆದುಕೊಂಡದ್ದಕ್ಕಿಂತ ಬಿಡುವುದು ದೀರ್ಘವಾಗಿ, ನಿಮಿಷಕ್ಕೆ ಆರರ ಸುಮಾರಿಗೆ ತಂದರೆ ವೇಗಸ್ ಎಂಬ ನರದ ಮೂಲಕ ಎದೆಗೆ ಸಮಾಧಾನದ ಸುದ್ದಿ ಹೋಗುತ್ತದೆ. ನಾನು ಇದನ್ನು ಬಸ್ಸಿನಲ್ಲಿ ಮಾಡಲು ಹೋದೆ, ಪಕ್ಕದವರು ‘ಯಾಕೆ ಮೇಷ್ಟ್ರೆ, ಮನೇಲಿ ಏನಾದ್ರೂ ತೊಂದ್ರೆನಾ’ ಎಂದು ವಿಚಾರಿಸಿ, ತಮ್ಮ ಮನೆಯ ತೊಂದರೆಯನ್ನು ಹಿರಿಯೂರಿನವರೆಗೂ ಹೇಳಿದರು. ಇಳಿಯುವಾಗ ಅವರ ಮುಖ ಹಗುರವಾಗಿತ್ತು. ಹೇಳಿಕೊಳ್ಳುವುದು ಮೂರನೆಯ ಉಪಾಯ, ಕೇಳುವವನ ಪಾಡು ಬೇರೆ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಗಳು ನಡೆಯುವುದೇ ಈ ಆಧಾರದ ಮೇಲೆ. ಅಲ್ಲಿ ಮನಸ್ಸಿಗೆ ಆಗುವ ಲಾಭವೂ ಹೊಟ್ಟೆಗೆ ಆಗುವ ನಷ್ಟವೂ ಸರಿದೂಗುತ್ತವೆ. ಇನ್ನು ಗೌರಸಮುದ್ರದ ಮಾರಮ್ಮನ ಜಾತ್ರೆ. ಸಾವಿರಾರು ಜನ ಕೂಡಿ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಈರುಳ್ಳಿ ಬೆಳೆಯುವ ಸೀಮೆ ಇದು, ಬೆಲೆ ಬಿದ್ದು ಕಣ್ಣೀರು ತರಿಸಿದ ಬೆಳೆಯನ್ನೇ ಕೈತುಂಬ ಹಿಡಿದು ಎಸೆಯುವ ಸುಖವನ್ನು ಯಾವ ಕೌನ್ಸೆಲರ್ ಕೊಟ್ಟಾನು?

ಆದರೂ ಈ ಉಪಾಯಗಳ ಬಗ್ಗೆ ನನ್ನದೊಂದು ತಕರಾರಿದೆ. ಮಳೆ ಬಾರದ ವರ್ಷ ರೈತನಿಗೆ ‘ದೀರ್ಘವಾಗಿ ಉಸಿರಾಡು’ ಎನ್ನುವುದು ಸುಳ್ಳಲ್ಲ, ಸಾಲದು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯನ್ನು ನೋಡಿ. ನಮ್ಮಲ್ಲಿ ತಿಪ್ಪೇಸ್ವಾಮಿ ಎಂದು ಬೀದಿಯಲ್ಲಿ ಕೂಗಿದರೆ ಅರ್ಧ ಬೀದಿ ತಿರುಗುತ್ತದೆ, ಅಷ್ಟು ಮನೆಗಳಲ್ಲಿ ಆ ಹೆಸರಿದೆ. ಬರಗಾಲದಲ್ಲಿ ಬಂದ ಆ ಅವಧೂತ ಜನರನ್ನು ಕೂರಿಸಿ ಧ್ಯಾನ ಕಲಿಸಿದ ಎಂದು ಯಾರೂ ಹೇಳುವುದಿಲ್ಲ. ಕೆರೆ ಕಟ್ಟಿಸಿದ, ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟ ಎಂದೇ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವನ ಮಾತು ಇಲ್ಲಿನ ಲಾರಿಗಳ ಹಣೆಯ ಮೇಲೂ ಇದೆ. ಕೆರೆಯಲ್ಲಿ ನೀರು, ಕೈಯಲ್ಲಿ ಕೂಲಿ. ಇವೆರಡೂ ಬಿ.ಪಿ. ಇಳಿಸುವ ಔಷಧಗಳ ಪಟ್ಟಿಗೆ ಸೇರಬೇಕಾದವು. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ನೋಡಲು ಹೋದ ಮುದುಕರ ಮುಖಗಳನ್ನು ನಾನು ಕಂಡಿದ್ದೇನೆ. ಅಷ್ಟು ಜನರಿಗೆ ಅಷ್ಟು ಅಗ್ಗವಾಗಿ ಆರಾಮ ಕೊಟ್ಟ ಮಾತ್ರೆ ಇನ್ನೂ ಬಂದಿಲ್ಲ.

ಇನ್ನು, ನಡೆದರೂ ಹೇಳಿಕೊಂಡರೂ ಇಳಿಯದ ಚಿಂತೆಯಿರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಬದುಕೇ ಬೇಡ ಅನ್ನಿಸುವುದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಮನಸ್ಸಿನ ಕಾಯಿಲೆಯನ್ನು ಹಳ್ಳಿಯ ಹತ್ತಿರದಲ್ಲೇ ನೋಡಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಪ್ರಯೋಗ ಶುರು ಮಾಡಿದ್ದು ಮೊಳಕಾಲ್ಮುರಿನ ಮಗ್ಗುಲಲ್ಲೇ ಇರುವ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದು. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಟಿದೆ. ಮಂಗಳವಾರ ಮಾರಮ್ಮನ ವಾರವೂ ಹೌದು. ಅಮ್ಮನಿಗೆ ಕೈಮುಗಿದು ಅದೇ ಬಸ್ಸಿನಲ್ಲಿ ಆಸ್ಪತ್ರೆಗೂ ಹೋಗಿ ಬರಬಹುದು, ಆಕೆ ಬೇಸರಿಸುವುದಿಲ್ಲ. ಬಸ್ ಹತ್ತಲೂ ಆಗದಿದ್ದರೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿಯ ನಂಬರು 14416, ಹಗಲು ರಾತ್ರಿ ಯಾವಾಗಲಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕತ್ತರಿಸುವುದಿಲ್ಲ. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಹಾಕಿಕೊಳ್ಳಿ, ನಿಮಗೆ ಬೇಡವಾದರೆ ಪಕ್ಕದ ಮನೆಯವರಿಗೆ ಬೇಕಾದೀತು.